ಮಡಚಿದವನೂ ಹಾರಬೇಕು

ವಿಲೆ ಪಾರ್ಲೆಯಲ್ಲಿ ನಮ್ಮ ಬಿಲ್ಡಿಂಗಿನ ತಲೆಯ ಮೇಲೆಯೇ ವಿಮಾನಗಳ ದಾರಿ. ಒಂದು ಹೋಯಿತು ಅನ್ನುವಷ್ಟರಲ್ಲಿ ಇನ್ನೊಂದು ಬರುತ್ತದೆ, ಟಿ.ವಿ.ಯ ಸದ್ದನ್ನು ನುಂಗಿಕೊಂಡು ಹೋಗುತ್ತದೆ. ಮೂವತ್ತು ವರ್ಷದಿಂದ ನಾನು ಅದಕ್ಕಾಗಿ ತಲೆ ಎತ್ತಿದವನಲ್ಲ. ಆ ಮಂಗಳವಾರ ಸಂಜೆ ಮಾತ್ರ ಪ್ರತಿಯೊಂದು ವಿಮಾನಕ್ಕೂ ಬಾಲ್ಕನಿಗೆ ಎದ್ದು ಹೋಗುತ್ತಿದ್ದೆ. ಹೆಂಡತಿ ಒಳಗಿನಿಂದಲೇ ಗದರಿದಳು.

"ನಿಮಗೆಂತ ಮರ್ಲಾ? ಅವಳಿರುವುದು ಆಗ್ರಾದಲ್ಲಿ. ಇಲ್ಲಿಯ ವಿಮಾನ ನೋಡಿದ್ರೆ ಎಂತ ಗೊತ್ತಾಗ್ತದೆ?"

ಅವಳು ಅಂದರೆ ನಮ್ಮ ಒಬ್ಬಳೇ ಮಗಳು. ಸೈನ್ಯದಲ್ಲಿ ಡಾಕ್ಟರ್. ಪ್ಯಾರಾಚೂಟಿನಲ್ಲಿ ಇಳಿಯುವ ಸೈನಿಕರ ಜೊತೆ ತಾನೂ ಇಳಿದು, ಇಳಿದಲ್ಲೇ ಅವರ ಗಾಯ ನೋಡುವ ತುಕಡಿಗೆ ಯಾರೂ ಕೇಳದೆ ಹೆಸರು ಕೊಟ್ಟಿದ್ದಳು. ಅಲ್ಲಿ ಸೇರಬೇಕಾದರೆ ಐದು ಸಲ ವಿಮಾನದಿಂದ ಹಾರಬೇಕು. ಮೊದಲನೆಯದು ಮರುದಿನ ಬೆಳಿಗ್ಗೆ ಇತ್ತು.

ಫೋನ್ ಬಂತು. "ಪಪ್ಪ, ನಾಳೆ ಬೆಳಿಗ್ಗೆ ಐದಕ್ಕೆ ಮೊಬೈಲ್ ಜಮಾ ಮಾಡ್ಬೇಕು. ಜಂಪ್ ಆದ್ಮೇಲೇ ವಾಪಸ್ ಸಿಗ್ತದೆ. ಟೆನ್ಷನ್ ತಗೋಬೇಡಿ, ಹಾಂ?"

"ನನಗೆಂತ ಟೆನ್ಷನ್?" ಎಂದೆ. ಕೈಯಲ್ಲಿದ್ದ ಚಹಾ ಅಷ್ಟರಲ್ಲಿ ಲುಂಗಿಯ ಮೇಲೆ ಚೆಲ್ಲಿತ್ತು.

"ನಿಮ್ಮ ಆ ಫೋಟೊ ಉಂಟಲ್ಲ, ಅದರ ಕಾಪಿ ನನ್ನ ಬ್ಯಾಗಲ್ಲಿದೆ. ಲಕ್ಕಿ ಚಾರ್ಮ್!" ಎಂದು ನಕ್ಕಳು.

ಆ ಫೋಟೊ ನಮ್ಮ ಹಾಲಿನ ಗೋಡೆಯ ಮೇಲಿದೆ. ಬಯಲಿನಲ್ಲಿ ನಿಂತ ಇಪ್ಪತ್ತೇಳರ ನಾನು, ಕಾಲ ಬಳಿ ರಾಶಿ ಬಿದ್ದ ಪ್ಯಾರಾಚೂಟು, ಮುಖ ಆಕಾಶಕ್ಕೆ, ಕಿವಿಯಿಂದ ಕಿವಿಗೆ ನಗು. ಮಗಳು ಅದರ ಕೆಳಗೇ ಅಂಬೆಗಾಲಿಟ್ಟವಳು, ಅದರ ಕೆಳಗೇ ಮಗ್ಗಿ ಬಾಯಿಪಾಠ ಮಾಡಿದವಳು. ನೆಂಟರು ಬಂದರೆ ಕೈ ಹಿಡಿದು ಎಳೆದುಕೊಂಡು ಹೋಗಿ, "ನನ್ನ ಪಪ್ಪ ಆಕಾಶದಿಂದ ಹಾರಿದ್ದು" ಎಂದು ತೋರಿಸುತ್ತಿದ್ದಳು. ಅವಳು ಆ ತುಕಡಿಗೆ ಹೆಸರು ಕೊಟ್ಟದ್ದರಲ್ಲಿ ಆ ಫೋಟೊದ ಪಾಲು ದೊಡ್ಡದು. ಅದರಲ್ಲಿರುವ ನಗು ಯಾತರದ್ದು ಎಂದು ಮಾತ್ರ ನಾನು ಅವಳಿಗೂ ಹೇಳಿರಲಿಲ್ಲ, ಅವಳ ತಾಯಿಗೂ ಹೇಳಿರಲಿಲ್ಲ.

ಈಗ ಹೇಳಿಬಿಡುತ್ತೇನೆ. ನಾನು ಊರಿನಿಂದ ಎಲ್ಲರ ಹಾಗೆ ಹೋಟೆಲಿಗೆಂದೇ ಬಂದವನು. ದಾದರಿನ ಒಂದು ಹೋಟೆಲಿನಲ್ಲಿ ವರ್ಷವಿಡೀ ಬಟಾಟೆ ಸುಲಿದೆ. ನನಗೆ ಸಿಟ್ಟು ಮೂಗಿನ ತುದಿಯಲ್ಲೇ. ಒಂದು ದಿನ ಅಡುಗೆಯ ಭಟ್ಟರ ಜೊತೆ ಜಗಳವಾಡಿ, ಅದೇ ಸಿಟ್ಟಿನಲ್ಲಿ ಹೋಗಿ ಸೈನ್ಯದ ಭರ್ತಿಯ ಸಾಲಿನಲ್ಲಿ ನಿಂತೆ. ನನ್ನ ಸಿಟ್ಟಿನಿಂದ ನನಗೆ ಒಳ್ಳೆಯದಾದದ್ದು ಅದೊಂದೇ ಸಲ. ಅವರು ನನ್ನನ್ನು ಪ್ಯಾರಾಚೂಟ್ ಮಡಚುವ ಕೆಲಸಕ್ಕೆ ಹಾಕಿದರು.

ರೈಲಿನ ಡಬ್ಬಿಯಷ್ಟು ಉದ್ದದ ಮೇಜು. ಅದರ ಮೇಲೆ ಬಟ್ಟೆಯನ್ನು ಎಳೆದು, ಎಸಳೆಸಳಾಗಿ ಬಿಡಿಸಿ, ಹಗ್ಗಗಳನ್ನು ಜಡೆ ಬಾಚಿದ ಹಾಗೆ ಬೇರ್ಪಡಿಸಿ ಮಡಚುತ್ತ ಹೋಗಬೇಕು. ನೈಲಾನು ಜಾರುವ ಸೊತ್ತು. ಮಡಿಕೆ ಬಿಚ್ಚಿಕೊಳ್ಳದಿರಲಿ ಎಂದು ಅದರ ಮೇಲೆ ಸೀಸದ ಗುಂಡು ತುಂಬಿ ಹೊಲಿದ ಸಣ್ಣ ಚೀಲಗಳನ್ನು ಇಡುತ್ತೇವೆ. ಮೇಜಿಗೆ ಆರು ಚೀಲ. ಒಂದು ಪ್ಯಾರಾಚೂಟ್ ಮಡಚಿ ಮುಗಿದ ಮೇಲೆ ಆರನ್ನೂ ಎಣಿಸಿ ಬದಿಗಿಡಬೇಕು, ಆಮೇಲೆಯೇ ಬಾಯಿ ಕಟ್ಟಬೇಕು, ಆಮೇಲೆ ಪುಸ್ತಕದಲ್ಲಿ ಸಹಿ. ಒಂದು ಚೀಲ ಒಳಗೆ ಉಳಿದರೆ ಮೇಲೆ ಬಿಚ್ಚಿಕೊಳ್ಳುವಾಗ ಹಗ್ಗಕ್ಕೆ ಸಿಕ್ಕಿ ಏನು ಬೇಕಾದರೂ ಆಗಬಹುದು. ಎದೆಯ ಮೇಲೆ ಇನ್ನೊಂದು ಸಣ್ಣ ಪ್ಯಾರಾಚೂಟ್ ಇರುತ್ತದೆ, ನಿಜ. ಆದರೆ ಅದನ್ನು ಬಿಚ್ಚುವಷ್ಟು ಸಮಯ ಇರುತ್ತದೆಂದು ಯಾರು ಬರೆದುಕೊಟ್ಟಿದ್ದಾರೆ?

ಆ ದಿನ ರೇಡಿಯೊದಲ್ಲಿ ಕ್ರಿಕೆಟ್ ಕಾಮೆಂಟರಿ ಬರುತ್ತಿತ್ತು. ಮೇಜಿನ ಜೊತೆಗಾರ ರಜೆಯಲ್ಲಿದ್ದ. ನಾನೊಬ್ಬನೇ ಮಡಚುತ್ತ, ಕೇಳುತ್ತ, ನಡುವೆ ಎಣಿಸುವುದನ್ನು ಬಿಟ್ಟೆ. ಸಂಜೆ ಹನ್ನೆರಡು ಪ್ಯಾರಾಚೂಟ್ ಮುಗಿದು ಸಾಮಾನು ಒಪ್ಪಿಸುವಾಗ ನೋಡಿದರೆ ಸೀಸದ ಚೀಲ ಐದೇ. ಮೇಜಿನ ಕೆಳಗೆ ನೆಲದ ಮೇಲೆ ನೋಡಿದೆ, ಜೇಬು ತಡಕಿದೆ. ನಿಯಮ ಗೊತ್ತಿತ್ತು: ಹನ್ನೆರಡನ್ನೂ ಬಿಚ್ಚಿ ನೋಡಿ ಮತ್ತೆ ಮಡಚಬೇಕು. ಒಂದಕ್ಕೆ ಇಪ್ಪತ್ತು ನಿಮಿಷ. ಜೊತೆಗೆ ಬೈಗುಳ, ಶಿಕ್ಷೆ. ನಾನು ಏನು ಮಾಡಿದೆ ಗೊತ್ತೆ? ಸ್ಟೋರಿನ ಕಪಾಟಿನಿಂದ ಒಂದು ಹೊಸ ಚೀಲ ತೆಗೆದು ಆರು ಮಾಡಿ ಒಪ್ಪಿಸಿದೆ.

ಮರುದಿನ ಬೆಳಿಗ್ಗೆ ನಮ್ಮ ಅಧಿಕಾರಿ ಬಂದರು. ನಮ್ಮ ಕಸುಬಿನಲ್ಲಿ ಒಂದು ಪದ್ಧತಿ ಉಂಟು, ಮಡಚಿದವನೂ ಹಾರಬೇಕು. ಯಾವಾಗ ಬೇಕಾದರೂ ಅಧಿಕಾರಿ ಬಂದು ಬೆರಳು ತೋರಿಸಿ, "ನೀನು ಮಡಚಿದ್ದರಲ್ಲಿ ಒಂದು ಎತ್ತಿಕೋ, ಬಾ" ಅನ್ನಬಹುದು. ಕೈ ನೆಟ್ಟಗಿರಲಿ ಎಂದು ಆ ಭಯ ಇಟ್ಟದ್ದು. ಅವತ್ತು ಬೆರಳು ನನ್ನ ಕಡೆ ತಿರುಗಿತು. ಕಪಾಟಿನ ಮುಂದಿನ ಸಾಲಿನಲ್ಲಿ ನಿನ್ನೆಯ ಹನ್ನೆರಡು, ಹಿಂದೆ ಮೊನ್ನೆಯ ಮೂರು. ಮೊನ್ನೆ ನಾನು ಸರಿಯಾಗಿ ಎಣಿಸಿದ್ದೆ. ನನ್ನ ಕೈ ಹಿಂದಿನ ಸಾಲಿಗೆ ಹೋಯಿತು.

ನಾನು ಮೊದಲು ಇಳಿದೆ. ಮುಂದಿನ ಸುತ್ತಿನಲ್ಲಿ ಹಿಂದಿನ ದಿನದ ಆ ಹನ್ನೆರಡನ್ನು ಕಟ್ಟಿಕೊಂಡು ಹನ್ನೆರಡು ಜನ ಹಾರಿದರು. ನಾನು ಬಯಲಿನಲ್ಲಿ ನಿಂತು ಒಂದು, ಎರಡು ಎಂದು ತೆರೆದುಕೊಂಡ ಕೊಡೆಗಳನ್ನು ಎಣಿಸಿದೆ. ಹನ್ನೆರಡನೆಯದು ತೆರೆದಾಗ ಫೋಟೊದವನು ಕ್ಲಿಕ್ ಮಾಡಿದ. ಬೀಸುವ ದೊಣ್ಣೆ ತಪ್ಪಿದರೆ ಸಾವಿರ ವರ್ಷ ಆಯುಷ್ಯ ಅನ್ನುತ್ತಾರಲ್ಲ, ಆ ನಗು ಅದು. ಮೂರು ದಿನ ಬಿಟ್ಟು ಕಳೆದ ಚೀಲ ಸಿಕ್ಕಿತು, ನನ್ನ ಮೇಜಿನ ಅಡಿಯಲ್ಲಿ ಅಡ್ಡಪಟ್ಟಿಯ ಮೇಲೆ ಬಿದ್ದಿತ್ತು. ಕಂಕುಳಲ್ಲಿ ಮಗು ಇಟ್ಟುಕೊಂಡು ಊರೆಲ್ಲ ಹುಡುಕಿದ ಹಾಗಾಯಿತು. ಆದರೆ ಹಾರುವ ದಿನ ಅದು ಅಲ್ಲಿದೆ ಎಂದು ನನಗೆ ಗೊತ್ತಿರಲಿಲ್ಲವಲ್ಲ!

ಈಗ ನನ್ನ ಮಗಳ ಬೆನ್ನಿಗೆ ಯಾರೋ ಒಬ್ಬ ಮಡಚಿದ ಪ್ಯಾರಾಚೂಟ್. ಅವನೂ ನನ್ನಂಥವನೇ ಆಗಿದ್ದರೆ? ಹೇಳಿ ಎಚ್ಚರಿಸೋಣವೆಂದರೆ, ಹಾರುವವರ ಮುಂದೆ ಹೆದರಿಕೆಯ ಮಾತಾಡಬಾರದು ಎಂದು ನನಗೆ ಕೆಲಸ ಕಲಿಸಿದ ಉಸ್ತಾದರು ಮೊದಲ ದಿನವೇ ಹೇಳಿದ್ದರು. ಹೆದರಿದವನ ಕಾಲು ವಿಮಾನದ ಬಾಗಿಲಲ್ಲಿ ತಡವರಿಸುತ್ತದೆ, ಇಳಿಯುವಾಗ ಸೆಟೆದುಕೊಂಡು ಮುರಿಯುತ್ತದೆ. "ಜಾಗ್ರತೆ ಮಗಾ" ಎಂದಷ್ಟೇ ಹೇಳಿ ಫೋನ್ ಇಟ್ಟೆ.

ಸಾಲದ್ದಕ್ಕೆ ಬುಧವಾರ ಬೆಳಿಗ್ಗೆ ಹತ್ತಕ್ಕೆ ದಾದರಿನ ಒಂದು ಕನ್ನಡ ಸಂಘದಲ್ಲಿ ನನ್ನ ಭಾಷಣ. ತಿಂಗಳ ಹಿಂದೆಯೇ ಒಪ್ಪಿಕೊಂಡಿದ್ದೆ. ವಿಷಯ: ಆಕಾಶದಿಂದ ಇಳಿಯುವ ಯುದ್ಧ. ಹೆಂಡತಿ, "ಜ್ವರ ಅಂತ ಹೇಳಿ ಬಿಡಿ ಮಾರಾಯ್ರೆ" ಎಂದಳು. ಮನೆಯಲ್ಲಿ ಕುಳಿತರೆ ನಿಜವಾಗಿಯೂ ಜ್ವರ ಬರುತ್ತಿತ್ತು. ಸ್ಲೋ ಲೋಕಲ್ ಹಿಡಿದು ಹೋದೆ. ಬಾಗಿಲಲ್ಲಿ ಹೊರಗೆ ವಾಲಿ ನೇತಾಡುತ್ತಿದ್ದವರನ್ನು ನೋಡಿ, "ಒಳಗೆ ಬನ್ರೋ, ಸಾಯ್ತೀರಿ!" ಎಂದು ಹಿಂದಿಯಲ್ಲಿ ಕಿರುಚಿಬಿಟ್ಟೆ. ಡಬ್ಬಿಯೆಲ್ಲ ನನ್ನ ಕಡೆ ತಿರುಗಿ ನೋಡಿತು.

ಸಭೆಯಲ್ಲಿ ಐವತ್ತು ಜನ ಇದ್ದಾರು, ಹೆಚ್ಚಿನವರು ನನ್ನ ವಯಸ್ಸಿನವರೇ. ನಾನು ಮೊಬೈಲನ್ನು ಮೈಕಿನ ಪಕ್ಕ ಮುಖ ಮೇಲೆ ಮಾಡಿ ಇಟ್ಟುಕೊಂಡು ಶುರುಮಾಡಿದೆ.

ರಷ್ಯಾದವರು ಮೊದಮೊದಲು ದೊಡ್ಡ ಸಂಖ್ಯೆಯಲ್ಲಿ ಸೈನಿಕರನ್ನು ಹಾರಿಸಿ ತೋರಿಸಿದಾಗ ಅವರು ವಿಮಾನದ ರೆಕ್ಕೆಯ ಮೇಲೆ ಹತ್ತಿ ಜಾರುತ್ತಿದ್ದರು ಎಂದೆ. ಜನ ನಕ್ಕರು. ಜರ್ಮನರು ಅದನ್ನು ನೋಡಿ ಕಲಿತು, ಎರಡನೇ ಮಹಾಯುದ್ಧದಲ್ಲಿ ಕ್ರೀಟ್ ದ್ವೀಪದ ಮೇಲೆ ಸಾವಿರಗಟ್ಟಲೆ ಹುಡುಗರನ್ನು ಇಳಿಸಿದರು. ಹುಡುಗರು ಒಂದು ಕಡೆ, ಅವರ ಬಂದೂಕುಗಳ ಪೆಟ್ಟಿಗೆ ಇನ್ನೊಂದು ಕಡೆ. ಪೆಟ್ಟಿಗೆ ಹುಡುಕುವುದರೊಳಗೆ ಎಷ್ಟೋ ಜನ ಸತ್ತರು. ದ್ವೀಪ ಗೆದ್ದರೂ ಅಷ್ಟು ಹೆಣ ನೋಡಿದ ಮೇಲೆ ಜರ್ಮನರಿಗೆ ಮತ್ತೆ ಅಷ್ಟು ದೊಡ್ಡದಾಗಿ ಇಳಿಸುವ ಧೈರ್ಯ ಬರಲಿಲ್ಲ. ತಮಾಷೆ ಎಂದರೆ ಪೆಟ್ಟು ತಿಂದ ಇಂಗ್ಲಿಷರು, ಅವರ ಜೊತೆಗಾರರಾದ ಅಮೆರಿಕದವರು ಅದೇ ಯುದ್ಧ ನೋಡಿ, "ಇದು ನಮಗೂ ಬೇಕು" ಎಂದು ತಮ್ಮ ದಂಡನ್ನು ಬೆಳೆಸಿದರು. ಫ್ರಾನ್ಸಿನಲ್ಲಿ ಕತ್ತಲಲ್ಲಿ ಚದುರಿ ಬಿದ್ದ ಅಮೆರಿಕದ ಹುಡುಗರು ಒಬ್ಬರನ್ನೊಬ್ಬರು ಗುರುತಿಸಲು ಜಾತ್ರೆಯ ಮಕ್ಕಳ ಹಾಗೆ ಟಿಕ್-ಟಿಕ್ ಆಟಿಕೆ ಒತ್ತುತ್ತ ಗದ್ದೆಗಳಲ್ಲಿ ಅಲೆದರು.

ಮೊಬೈಲ್ ನೋಡಿದೆ. ಹತ್ತೂ ನಲವತ್ತು. ಏನೂ ಇಲ್ಲ.

ರೇಷ್ಮೆ ಹೋಗಿ ನೈಲಾನು ಬಂದದ್ದನ್ನು ಹೇಳಿದೆ. ಕೊರಿಯಾದಲ್ಲಿ ನಮ್ಮ ಡಾಕ್ಟರುಗಳು, ಕಂಪೌಂಡರುಗಳು ಹಾರಿದ್ದನ್ನು ಹೇಳುವಾಗ ನಡುವೆ ನಿಲ್ಲಿಸಿ ನೀರು ಕುಡಿದೆ. ಎಪ್ಪತ್ತೊಂದರ ಯುದ್ಧದಲ್ಲಿ ಈಗಿನ ಬಾಂಗ್ಲಾದೇಶದ ಟಾಂಗೈಲಿನ ಹತ್ತಿರ ನಮ್ಮವರು ಇಳಿದಾಗ ನಮ್ಮ ಉಸ್ತಾದರೂ ಇದ್ದರು. ಸಾಮಾನು ಕೆರೆ, ಗದ್ದೆಗೆ ಬಿದ್ದರೆ ಆ ಹಳ್ಳಿಯ ಜನವೇ ಹೊತ್ತು ತಂದುಕೊಟ್ಟರಂತೆ. ಆಮೇಲೆ ಹೆಲಿಕಾಪ್ಟರ್ ಬಂತು, ಈಗ ಡ್ರೋನ್. "ಮನುಷ್ಯನೇ ಇಲ್ಲದೆ ಯುದ್ಧ ನಡೆಯುವಾಗ ಇನ್ನೂ ಮಕ್ಕಳನ್ನು ಯಾಕೆ ಹಾರಿಸುವುದು?" ಎಂದು ಮುಂದಿನ ಸಾಲಿನ ಒಬ್ಬರು ಹೆಂಗಸು ಕೇಳಿದರು. ಡ್ರೋನ್ ಸೇತುವೆ ಒಡೆಯಬಹುದು, ಸೇತುವೆ ಕಾದುಕೊಂಡು ಕೂರಲು ಮನುಷ್ಯನೇ ಬೇಕಲ್ಲ ಎಂದೆ. ಬಾಯಿ ಹಾಗೆ ಹೇಳಿತು. ಒಳಗೆ ನಾನೂ ಅದನ್ನೇ ಕೇಳುತ್ತಿದ್ದೆ, ಯಾಕೆ ಹಾರಿಸುವುದು?

ಆಗ ಹಿಂದಿನಿಂದ ಒಬ್ಬ ಹೋಟೆಲ್ ಮಾಲೀಕರು ಎದ್ದು ನಿಂತರು. "ಅಲ್ಲ ಮಾರಾಯ್ರೆ, ಹಾರುವವರ ಕತೆ ಎಲ್ಲ ಹೇಳಿದ್ರಿ. ಆ ಕೊಡೆ ಮಡಚುವವರು ಯಾರು? ಅವರು ತಪ್ಪಿದ್ರೆ ಎಂತ ಕತೆ?"

ಕುಂಬಳಕಾಯಿ ಕಳ್ಳ ಅಂದರೆ ಹೆಗಲು ಮುಟ್ಟಿಕೊಂಡ ಹಾಗೆ ನನ್ನ ಕೈ ತಾನಾಗಿ ಜೇಬಿಗೆ ಹೋಯಿತು. "ನಾನೇ ಮಡಚುತ್ತಿದ್ದೆ" ಎಂದೆ. "ತಪ್ಪುವ ಹಾಗಿಲ್ಲ. ಮಡಚಿದವನೂ ಹಾರಬೇಕು, ತಾನು ಮಡಚಿದ್ದರಲ್ಲೇ."

"ಹೌದಾ! ಹಾಗಾದ್ರೆ ನೀವೂ ಹಾರಿದ್ದೀರಿ?"

"ಹಾರಿದ್ದೇನೆ."

ಸಭೆಯೆಲ್ಲ ಚಪ್ಪಾಳೆ ತಟ್ಟಿತು. ಆ ಮಾಲೀಕರು, "ನಮ್ಮಲ್ಲೂ ಹಾಗೇ, ಭಟ್ಟರು ಮೊದಲು ತಾವು ತಿಂದೇ ಸಾಂಬಾರು ಹೊರಗೆ ಕಳಿಸಬೇಕು" ಎಂದು ಮೆಚ್ಚುಗೆಯಿಂದ ತಲೆಯಾಡಿಸಿದರು. ನನಗೆ ನಾಚಿಕೆಯಿಂದ ಅಲ್ಲೇ ಕುಸಿದು ಹೋಗೋಣ ಅನ್ನಿಸಿತು. ಶಾಲು ಹೊದೆಸಿದರು. ಉಪ್ಪಿಟ್ಟು ಕೊಟ್ಟರು. ಒಂದು ತುತ್ತೂ ಇಳಿಯಲಿಲ್ಲ.

ದಾದರ್ ಸ್ಟೇಷನ್ನಿನ ಸೇತುವೆಯ ಮೇಲೆ ಜನರ ನಡುವೆ ನೂಕಿಸಿಕೊಂಡು ಹೋಗುತ್ತಿರುವಾಗ ಫೋನ್ ಬಡಿಯಿತು.

"ಪಪ್ಪ! ಇಳಿದೆ! ಎರಡೂ ಕಾಲು ಉಂಟು, ಎರಡೂ ಕೈ ಉಂಟು!"

ಅಲ್ಲೇ ನಿಂತು ಅತ್ತುಬಿಟ್ಟೆ. ಹಿಂದಿನವರು "ಕಾಕಾ, ಪುಢೇ ಚಲಾ" ಎಂದು ಮುಂದೆ ನಡೆಯಲು ಬೆನ್ನಿಗೆ ತಿವಿಯುತ್ತಿದ್ದರು. ಕಂಬಿಗೆ ಒರಗಿಕೊಂಡೆ.

"ಪಪ್ಪ, ಕೇಳಿ. ನನ್ನ ಪ್ಯಾಕರ್ ಉಂಟಲ್ಲ, ಒಬ್ಬ ಹವಾಲ್ದಾರ್, ಬಿಹಾರದವ. ನನ್ನ ಪಪ್ಪನೂ ಪ್ಯಾಕರ್ ಅಂದೆ. ನಿಮ್ಮ ಫೋಟೊ ತೋರಿಸಿದೆ. ಅವ ಸೆಲ್ಯೂಟ್ ಹೊಡೆದ, ಫೋಟೊಕ್ಕೆ! ನಾಳೆದೂ ಅವನೇ ಮಡಚುವುದು. ಸೋ ಟೆನ್ಷನ್ ನಹೀ!"

ಆ ಸೆಲ್ಯೂಟಿನ ಮಾತು ಕೇಳಿ ನನ್ನ ಸಂತೋಷವೆಲ್ಲ ಇಳಿದು ಹೋಯಿತು. ಇನ್ನೂ ನಾಲ್ಕು ಸಲ ಅವಳು ಹಾರಬೇಕು. ಫೋಟೊ ನೋಡಿ ಧೈರ್ಯ ಮಾಡಿಕೊಂಡು ಹಾರುತ್ತಾಳೆ, ಏನನ್ನೂ ಕೇಳದೆ ಹಾರುತ್ತಾಳೆ. ಕೇಳಬೇಕಾದ ಪ್ರಶ್ನೆ ಯಾವುದು ಎಂದು ನನಗೊಬ್ಬನಿಗೆ ಗೊತ್ತು. ಅದನ್ನು ಹೇಳಿಕೊಡಬೇಕಾದರೆ ಅದು ನನಗೆ ಹೇಗೆ ಗೊತ್ತು ಎಂಬುದನ್ನೂ ಹೇಳಬೇಕು.

ಸಂಜೆ ಅವಳೇ ಮತ್ತೆ ಫೋನ್ ಮಾಡಿದಾಗ ಹೇಳಿದೆ. ಕ್ರಿಕೆಟ್, ಐದು ಚೀಲ, ಸ್ಟೋರಿನ ಕಪಾಟು, ಹಿಂದಿನ ಸಾಲು, ಎಲ್ಲ ಹೇಳಿದೆ. ಹೆಂಡತಿ ಎದುರಿಗೆ ಅಲಸಂಡೆ ಮುರಿಯುತ್ತಿದ್ದಳು. ಅವಳ ಕೈ ನಿಂತಿತು. ಮೇಲೆ ಒಂದು ವಿಮಾನ ಹೋಯಿತು, ಇನ್ನೊಂದು ಹೋಯಿತು.

"ಆ ಹನ್ನೆರಡು ಜನರಿಗೆ ಗೊತ್ತುಂಟಾ?" ಮಗಳು ಕೇಳಿದಳು.

"ಇಲ್ಲ."

"ಆಮೇಲೆನೂ ಹೇಳ್ಲಿಲ್ವಾ?"

"ಇಲ್ಲ ಮಗಾ. ನಾಳೆ ನೀನು ಹತ್ತುವ ಮೊದಲು ಅವನನ್ನು ಕೇಳು, ಚೀಲ ಎಣಿಸಿದ್ದಾನಾ ಅಂತ. ಅಷ್ಟೇ ಕೇಳು. ಅದಕ್ಕೇ ಹೇಳಿದ್ದು."

"ಓಕೆ" ಎಂದಳು. "ಬೇಗ ಏಳ್ಬೇಕು." ಫೋನ್ ಇಟ್ಟಳು. ಪಪ್ಪ ಎನ್ನಲಿಲ್ಲ.

ಹೆಂಡತಿ ಅಲಸಂಡೆಯ ತಟ್ಟೆಯನ್ನು ಬದಿಗೆ ಸರಿಸಿದಳು. "ಮೂವತ್ತೈದು ವರ್ಷ ನಿಮ್ಮ ಜೊತೆ ಸಂಸಾರ ಮಾಡಿದ್ದೇನೆ. ಆ ಫೋಟೊ ದಿನಾ ಒರೆಸಿದ್ದೇನೆ. ನನ್ನ ಹತ್ರ ಒಂದು ಮಾತು ಹೇಳ್ಬಹುದಿತ್ತು. ಈಗ ನೋಡಿದ್ರೆ, ಹಾರುವ ಮಗಳ ಹತ್ರ ಹೇಳ್ತೀರಲ್ಲ, ಬುದ್ಧಿ ಎಲ್ಲಿಟ್ಟಿದ್ದೀರಿ?"

ಅವಳು ಹೇಳಿದ್ದು ಸರಿಯೇ ಇತ್ತು. ಉಸ್ತಾದರ ಮಾತನ್ನೂ ಮೀರಿದ್ದೆ. ನನ್ನ ಹೊಟ್ಟೆಯ ಭಾರ ಇಳಿಸಲು ಹೋಗಿ ಅವಳ ತಲೆಯ ಮೇಲೆ ಹಾಕಿದೆನೇ? ಬಾಗಿಲಲ್ಲಿ ನಿಂತಾಗ ಬೆನ್ನಿನ ಗಂಟಿನ ಮೇಲೆ ಅನುಮಾನ ಬಂದು ಅವಳ ಕಾಲು ಹಿಂಜರಿದರೆ? ಇಳಿಯುವಾಗ ಮೊಣಕಾಲು ಸೆಟೆದರೆ? ಮೊದಲು ಹೆದರಿಕೆ ಒಂದೇ ಇತ್ತು, ಈಗ ಎರಡಾಯಿತು.

ಗುರುವಾರ ನಾನು ಎಲ್ಲಿಗೂ ಹೋಗಲಿಲ್ಲ. ಹಿಂದಿನ ದಿನ ಹನ್ನೊಂದೂವರೆಗೆ ಅವಳ ಫೋನ್ ಬಂದಿತ್ತು. ಹನ್ನೊಂದೂವರೆ ಆಯಿತು, ಹನ್ನೆರಡಾಯಿತು. ನಾನೇ ಮಾಡಿದೆ, ಸ್ವಿಚ್ ಆಫ್. ಹೆಂಡತಿ ದೇವರ ಮುಂದೆ ದೀಪ ಹಚ್ಚಿ, ಎಣ್ಣೆ ಮುಗಿಯದಿದ್ದರೂ ಮತ್ತೆ ಮತ್ತೆ ಎಣ್ಣೆ ಹಾಕಿದಳು. ಒಂದು ಗಂಟೆಗೆ ಅನ್ನ ಬಡಿಸಿದಳು, ಇಬ್ಬರೂ ತಟ್ಟೆ ನೋಡುತ್ತ ಕುಳಿತೆವು. ಎರಡಾಯಿತು. ನಾನು ಸ್ಟೂಲ್ ಹತ್ತಿ ಆ ಫೋಟೊವನ್ನು ಮೊಳೆಯಿಂದ ತೆಗೆದೆ. ಹೆಂಡತಿ ಬೇಡ ಎನ್ನಲಿಲ್ಲ, ಸ್ಟೂಲ್ ಅಲ್ಲಾಡದ ಹಾಗೆ ಹಿಡಿದುಕೊಂಡಳು.

ಎರಡೂ ಮುಕ್ಕಾಲಿಗೆ ಫೋನ್ ಬಂತು. ಹೆಂಡತಿಯೇ ಗುಂಡಿ ಒತ್ತಿ ಸ್ಪೀಕರಿಗೆ ಹಾಕಿದಳು.

"ಪಪ್ಪ."

"ಇಳಿದ್ಯಾ? ಕಾಲು? ಎಂತಾದ್ರೂ ಆಯ್ತಾ? ಇಷ್ಟು ಹೊತ್ತು ಯಾಕೆ?"

"ಇಳಿದೆ. ಏನೂ ಆಗ್ಲಿಲ್ಲ. ಫಸ್ಟ್ ಲಾಟ್ ಮಿಸ್ ಆಯ್ತು, ಎರಡನೇ ಲಾಟಲ್ಲಿ ಹೋದೆ." ಉಸಿರು ತೆಗೆದುಕೊಂಡಳು. "ಬೆಳಿಗ್ಗೆ ಅವನನ್ನ ಕೇಳಿದೆ. ಎಣಿಸಿದ್ದೀಯಾ ಅಂತ. ಎಣಿಸಿದ್ದೇನೆ ಮೇಡಂ, ಪಕ್ಕಾ ಅಂದ. ನಾನು ಹೊರಟೆ. ಐದು ನಿಮಿಷ ಆದ್ಮೇಲೆ ಓಡಿ ಬಂದ ಪಪ್ಪ. ಮುಖ ಬಿಳಿ ಆಗಿತ್ತು. ನಿನ್ನೆ ನಡುವೆ ಒಮ್ಮೆ ಮನೆಯಿಂದ ಫೋನ್ ಬಂದಿತ್ತಂತೆ, ಆಮೇಲೆ ಎಣಿಸಿದ್ದು ಅವನಿಗೆ ನೆನಪಿಲ್ಲ. ಚೀಲ ಅಷ್ಟರಲ್ಲಿ ಬೇರೆ ಮೇಜಿನವುಗಳ ಜೊತೆ ಬೆರೆತಿತ್ತು, ಈಗ ಎಣಿಸಿ ಉಪಯೋಗ ಇಲ್ಲ. ಎಲ್ಲರೆದುರು ಸಾಹೇಬರಿಗೆ ಹೇಳಿದ. ಬೈಸಿಕೊಂಡ. ನಿನ್ನೆ ಮಡಚಿದ್ದೆಲ್ಲ ವಾಪಸ್ ತರಿಸಿದ, ಹದಿಮೂರು. ಎಲ್ಲ ಬಿಚ್ಚಿದ."

"ಇತ್ತಾ?" ಎಂದೆ.

"ಇಲ್ಲ. ಒಂದರಲ್ಲೂ ಏನೂ ಇರ್ಲಿಲ್ಲ. ಚೀಲ ಎಲ್ಲ ಸರಿ ಇತ್ತು. ಆದ್ರೆ ಅವ ಬಿಚ್ಚಿದ, ಪಪ್ಪ."

ಫೋಟೊ ಇನ್ನೂ ನನ್ನ ತೊಡೆಯ ಮೇಲೆಯೇ ಇತ್ತು. ಹನ್ನೆರಡು ಬಿಚ್ಚಿ ಮಡಚಲು ನನಗೆ ನಾಲ್ಕು ಗಂಟೆ ಬೇಕಿತ್ತು. ಆ ನಾಲ್ಕು ಗಂಟೆಯನ್ನು ನಾನು ಉಳಿಸಿಕೊಂಡಿದ್ದೆ.

"ಪಪ್ಪ, ಇದ್ದೀರಾ?"

"ಇದ್ದೇನೆ. ಆ ಹವಾಲ್ದಾರನಿಗೆ ನನ್ನ ಹೆಸರಲ್ಲಿ ಒಂದು ಚಹಾ ಕುಡಿಸು ಮಗಾ."

"ಕುಡಿಸ್ತೇನೆ. ಅವ ನನ್ನನ್ನ ಒಂದು ಮಾತು ಕೇಳಿದ. ಇದು ನಿಮಗೆ ಹೇಗೆ ಗೊತ್ತು ಮೇಡಂ, ಎಣಿಸಿದ್ದು ಕೇಳ್ಬೇಕು ಅಂತ? ನಾನು ಅವನಿಗೆ ಎಂತ ಹೇಳ್ಲಿ?"

ಹೆಂಡತಿ ನನ್ನ ಕಡೆ ನೋಡಿದಳು.

"ನಡೆದದ್ದನ್ನೇ ಹೇಳು" ಎಂದೆ.